ರಂಗಯ್ಯನದುರ್ಗದ ಕಾಡಿನಲ್ಲಿ ಒಂದು ದಿನ

ಈಚೆಗೆ ನನ್ನ ಮಿತ್ರರೊಬ್ಬರು ಕುಟುಂಬ ಸಮೇತರಾಗಿ ಆಫ್ರಿಕ ಖಂಡಕ್ಕೆ ಹೋಗಿ, ಕೀನ್ಯ, ಟಾಂಜಾನಿಯ ದೇಶಗಳಲ್ಲಿ ರಜೆಯನ್ನು ಕಳೆದು ಬಂದರು. ಬಂದವರು ನಮ್ಮನ್ನೆಲ್ಲ ಮನೆಗೆ ಕರೆದು, ಕಾಫಿ ತಿಂಡಿಗಳ ತರುವಾಯ, ತಾವು ತೆಗೆದ ಚಿತ್ರಗಳನ್ನು ಗೋಡೆಯ ಮೇಲೆ ತೋರಿಸಿದರು. ಮರದ ನೆರಳಿನಲ್ಲಿ ಮಲಗಿ ಆಕಳಿಸುತ್ತಿರುವ ಸಿಂಹಗಳು, ಮರಿಗಳನ್ನು ನಡುವಿಟ್ಟುಕೊಂಡು ಹೋಗುತ್ತಿರುವ ಆನೆಗಳು, ದಿಗಂತದವರೆಗೆ ಹಬ್ಬಿದ ಗ್ನುಗಳೆಂಬ ಕಾಡುದನಗಳ ಹಿಂಡುಗಳು, ಎಲ್ಲವೂ ಮೋಟಾರಿನ ಬಾಗಿಲಿಗೆ ಹತ್ತು ಹದಿನೈದು ಗಜಗಳಷ್ಟು ಸಮೀಪದಲ್ಲಿ. ಒಂದೇ ದಿನದಲ್ಲಿ ಇಪ್ಪತ್ತೆರಡು ಜಾತಿಯ ಮೃಗಗಳನ್ನು ಕಂಡೆವೆಂದು ಮಿತ್ರರ ಮಗನು ಬೆರಳು ಮಡಿಸಿ ಎಣಿಸಿದನು. ಎಣಿಸಿ, ನನ್ನ ಕಡೆ ತಿರುಗಿ, "ನಿಮ್ಮ ದಾವಣಗೆರೆಯ ಸೀಮೆಯಲ್ಲಿ ನೋಡುವಂತಹುದು ಏನುಂಟು, ಸಾರ್?" ಎಂದು ಕೇಳಿದನು. ಜಗಳೂರಿನ ಹತ್ತಿರ ಕೊಂಡುಕುರಿಯುಂಟು ಎಂದೆ. "ಕುರಿಯೆ?" ಎಂದನು. ನೆರೆದವರೆಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ನಗೆ ಮನಸ್ಸಿನಲ್ಲಿ ಉಳಿಯಿತು. ಏಕೆಂದರೆ, ಕೊಂಡುಕುರಿಯುಂಟು ಎಂದು ಹೇಳಿದ ನಾನು ಸ್ವತಃ ಅದನ್ನು ಕಂಡವನಲ್ಲ. ಆ ಕೊರತೆಯನ್ನು ನೀಗಿಕೊಳ್ಳಲು ಶಿವರಾತ್ರಿಗೆ ಮುಂಚಿನ ಒಂದು ದಿನ ಅಪ್ಪಣೆ ಪಡೆದು ಆ ಕಾಡಿಗೆ ಹೋಗಿಬಂದೆ. ಆ ಒಂದು ದಿನದ ವೃತ್ತಾಂತವನ್ನೇ ಈಗ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವವನಿದ್ದೇನೆ.

'ಸಫಾರಿ' ಎಂಬುದು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯ ಮಾತು; ಅರಬ್ಬಿಯ 'ಸಫರ್' ಎಂಬುದರಿಂದ ಹುಟ್ಟಿದುದು. ಅದಕ್ಕೆ ಪ್ರಯಾಣವೆಂಬುದಕ್ಕಿಂತ ಹೆಚ್ಚಿನ ಅರ್ಥವೇನೂ ಇಲ್ಲ. ಬಂದೂಕವನ್ನು ಹೊತ್ತ ಐರೋಪ್ಯರು ಅದಕ್ಕೆ ಬೇಟೆಯ ವಾಸನೆಯನ್ನು ಅಂಟಿಸಿದರು. ಅವರ ಮೊಮ್ಮಕ್ಕಳು ಬಂದೂಕವನ್ನು ಇಳಿಸಿ ಕ್ಯಾಮರವನ್ನು ಹಿಡಿದರು. ಪ್ರಯಾಣವೆಂಬ ಮೂಲಾರ್ಥದಲ್ಲಿ ನೋಡುವುದಾದರೆ, ದಾವಣಗೆರೆಯಿಂದ ಜಗಳೂರಿಗೆ ಮೂವತ್ತು ಮೈಲಿಗಳಷ್ಟು ಬೆಳಗಿನ ಜಾವದಲ್ಲಿ ಹೋದುದೂ ಒಂದು ಸಫಾರಿಯೇ.

ಶ್ರೋತೃಗಳಲ್ಲಿ ಅನೇಕರಿಗೆ ಆ ಸೀಮೆಯ ಪರಿಚಯವಿರಲಾರದು. 1997ರಲ್ಲಿ ದಾವಣಗೆರೆ ಜಿಲ್ಲೆಯು ಏರ್ಪಟ್ಟಾಗ ಶಿವಮೊಗ್ಗೆಯಿಂದ ಚನ್ನಗಿರಿ, ಹೊನ್ನಾಳಿಗಳೂ ಚಿತ್ರದುರ್ಗದಿಂದ ಜಗಳೂರೂ ಬಂದು ಇದರೊಳಗೆ ಸೇರಿದುವು. ಹೊನ್ನಾಳಿಯ ಒಂದು ಭಾಗವೇ ಈಚೆಗೆ ನ್ಯಾಮತಿಯೆಂಬ ಬೇರೆ ತಾಲ್ಲೂಕಾಯಿತು. ಒಂದೇ ಜಿಲ್ಲೆಯೊಳಗಿದ್ದರೂ ಇವುಗಳ ಜಾತಕ ಒಂದೇ ಅಲ್ಲ. ಚನ್ನಗಿರಿಯೆಂದರೆ ಅಡಕೆಯ ತೋಟ, ಭದ್ರಾ ಕಾಲುವೆ, ಸುಮಾರು 6,500 ಎಕರೆಗಳನ್ನು ನೀರಿನಿಂದ ಮುಚ್ಚುವ ಸೂಳೆಕೆರೆ. ಹೊನ್ನಾಳಿಗೆ ತುಂಗಭದ್ರೆಯುಂಟು. ನ್ಯಾಮತಿಯ ಗುಡ್ಡಗಳಲ್ಲಿ ತೀರ್ಥರಾಮೇಶ್ವರದ ನೀರುಂಟು. ಜಗಳೂರಿಗೆ ಮಾತ್ರ ವರ್ಷಕ್ಕೆ ಇಪ್ಪತ್ತು ಅಂಗುಲದ ಆಸುಪಾಸಿನ ಮಳೆ. ಅದೂ ದೇವರು ಮನಸ್ಸು ಮಾಡಿದರೆ. ಮಿಕ್ಕ ಮೂರು ತಾಲ್ಲೂಕಿನವರು ಹೆಣ್ಣು ಕೊಡುವಾಗ ಜಗಳೂರೆಂದರೆ ಒಂದು ಕ್ಷಣ ಯೋಚಿಸುತ್ತಿದ್ದರೆಂದು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದರು.

ಅಂತಹ ನೆಲದಲ್ಲಿ, ರಂಗಯ್ಯನದುರ್ಗದ ಗುಡ್ಡಸಾಲಿನ 77 ಚದರ ಕಿಲೋಮೀಟರುಗಳಷ್ಟು, ಎಂದರೆ ಸುಮಾರು 30 ಚದರ ಮೈಲಿಗಳಷ್ಟು ಕಾಡನ್ನು 2011ರಲ್ಲಿ ಕೊಂಡುಕುರಿಯ ಹೆಸರಿನಲ್ಲಿಯೇ ವನ್ಯಧಾಮವನ್ನಾಗಿ ಗೊತ್ತುಪಡಿಸಿದರು. ನನ್ನ ಮಿತ್ರರು ನೋಡಿಬಂದ ಸೆರೆಂಗೆಟಿಯ ವಿಸ್ತಾರ 14,700 ಚದರ ಕಿಲೋಮೀಟರುಗಳಿಗೂ ಹೆಚ್ಚು. ಅದರೊಳಗೆ ಇಂತಹ ರಂಗಯ್ಯನದುರ್ಗಗಳು ನೂರ ತೊಂಬತ್ತು ಹಿಡಿಸುವುವು.

ನಾನು ಕಾಡಿನ ಅಂಚನ್ನು ಮುಟ್ಟಿದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಕಾವಲಿನವನೊಬ್ಬನು ಕಂಬಳಿ ಹೊದ್ದು ಕಾದಿದ್ದನು. ವಯಸ್ಸು ಮೂವತ್ತರ ಆಚೆ; ಮಾತು ಕಡಮೆ. ಮೊದಲು ಕೇಳಿದ್ದು, "ಬೀಡಿ, ಬೆಂಕಿಪೆಟ್ಟಿಗೆ ಏನಾರ ಇದಾವಾ ಸಾರ್?" ಎಂದು. ಇಲ್ಲವೆಂದ ಮೇಲೆ ಮುಂದಕ್ಕೆ ನಡೆದನು. ಮಾಘದ ಕೊನೆಯ ವೇಳೆಗೆ ಆ ಕಾಡಿನಲ್ಲಿ ಹುಲ್ಲೆಲ್ಲ ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ. ಒಂದು ಕಿಡಿ ಸಾಕು. ನಾನು ಮನಸ್ಸಿನಲ್ಲಿ ಚಿತ್ರಿಸಿಕೊಂಡಿದ್ದ ಅರಣ್ಯಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಎತ್ತರವಾದ ಮರವಾಗಲಿ, ಹಬ್ಬಿದ ಬಳ್ಳಿಯಾಗಲಿ, ಹರಿಯುವ ತೊರೆಯಾಗಲಿ ಇಲ್ಲ. ಕಲ್ಲುಗುಡ್ಡದ ಇಳಿಜಾರಿನಲ್ಲಿ ಕಮರ, ದಿಂಡಿಗ, ತಂಗಡಿ, ಕಾರೆ, ಬೋರೆ. ಅಲ್ಲಲ್ಲಿ ಎಲೆಯುದುರಿಸಿ ಹೂ ಮಾತ್ರ ಹೊತ್ತು ನಿಂತ ಮುತ್ತುಗ. ಹೆಚ್ಚಿನ ಗಿಡಗಳು ಆಳೆತ್ತರವನ್ನು ಮೀರುವುದಿಲ್ಲ, ಮುಕ್ಕಾಲು ಪಾಲಿಗೆ ಮುಳ್ಳು. ದೂರದ ಗುಡ್ಡದ ನೆತ್ತಿಯಲ್ಲಿ ವಿದ್ಯುತ್ತಿನ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದುವು. ಇದನ್ನು ಕಾಡೆಂದು ಕರೆಯಲು ನಗರವಾಸಿಯಾದವನಿಗೆ ಸ್ವಲ್ಪ ಔದಾರ್ಯ ಬೇಕು.

ಮೊದಲ ಎರಡು ಗಂಟೆಗಳಲ್ಲಿ ನಾನು ಕಂಡ ಪ್ರಾಣಿಗಳ ಪಟ್ಟಿ ಹೀಗಿದೆ: ಗೌಜುಗಗಳ ಒಂದು ಗುಂಪು, ಒಂದು ಮುಂಗುಸಿ, ಓಡಿಹೋದ ಮೊಲದ ಹಿಂಭಾಗ, ಮೂರು ನವಿಲು. ಮಿತ್ರರ ಮಗನು ನನ್ನ ಜೊತೆಯಲ್ಲಿ ಇಲ್ಲದುದು ಒಳ್ಳೆಯದೇ ಆಯಿತೆಂದುಕೊಂಡೆ. ಆದರೆ ಕಾವಲಿನವನು ಕಂಡ ಪಟ್ಟಿ ಬೇರೆ. ಅವನು ನೆಲವನ್ನು ನೋಡಿಕೊಂಡು ನಡೆಯುವವನು. ಒಂದು ಕಡೆ ನಿಂತು ಕೋಲಿನ ತುದಿಯಿಂದ ಬೋರೆಬೀಜ ತುಂಬಿದ ಕಪ್ಪು ಲದ್ದಿಯನ್ನು ತೋರಿಸಿ, "ಕರಡಿ, ರಾತ್ರೀದು" ಎಂದನು. ಇನ್ನೊಂದು ಕಡೆ, ಧೂಳಿನಲ್ಲಿ ಚಿರತೆಯ ಹೆಜ್ಜೆ. ಮತ್ತೊಂದು ಕಡೆ ಮುಳ್ಳುಹಂದಿ ಬೇರು ಕೆದಕಿದ ಗುಂಡಿ. ಅಲ್ಲಿ ವಾಸಿಸತಕ್ಕವರೆಲ್ಲರೂ ನಾವು ಬರುವುದಕ್ಕೆ ಮುಂಚೆ ಮನೆಬಾಗಿಲಿಗೆ ಸಹಿ ಹಾಕಿ ಒಳಗೆ ಹೋಗಿಬಿಟ್ಟಿದ್ದರು.

ಎಂಟು ಗಂಟೆಯ ಸುಮಾರಿಗೆ ಅವನು ಒಂದು ಬೋರೆಗಿಡದ ಬಳಿಯಲ್ಲಿ ಕುಕ್ಕುರು ಕುಳಿತನು. ನೆಲದ ಮೇಲೆ ಒಂದು ಮೊರದಗಲ ಹಿಕ್ಕೆಯ ರಾಶಿ. ಕೆಳಗಿನವು ಬೆಳ್ಳಗೆ ಒಣಗಿದ್ದುವು, ನಡುವಿನವು ಕಂದು, ಮೇಲಿನವು ಇನ್ನೂ ಕಪ್ಪಗೆ ಹೊಳೆಯುತ್ತಿದ್ದುವು. ಕೊಂಡುಕುರಿಯು ಹಿಕ್ಕೆ ಹಾಕಲು ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಆ ರಾಶಿ ಅದರ ಅಂಚೆಯ ಪೆಟ್ಟಿಗೆ. ಇನ್ನೊಂದು ಕೊಂಡುಕುರಿ ಬಂದು ಮೂಸಿ ನೋಡಿ, ಇಲ್ಲಿ ಯಾರಿದ್ದಾರೆಂಬುದನ್ನು ಓದಿಕೊಳ್ಳುತ್ತದೆ. ಹಿಂಡು ಕಟ್ಟದೆ ಒಂಟಿಯಾಗಿ, ಹೆಚ್ಚೆಂದರೆ ಇಬ್ಬರಾಗಿ, ಬಾಳುವ ಮೃಗಕ್ಕೆ ಇಂತಹ ಏರ್ಪಾಡು ಅವಶ್ಯವಷ್ಟೆ.

ಈ ಮೃಗದ ವಿಷಯವಾಗಿ ಕೆಲವು ಮಾತುಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇದು ಕುರಿಯಲ್ಲ, ಜಿಂಕೆಯೂ ಅಲ್ಲ. ಜಿಂಕೆಯ ಕೊಂಬು ವರ್ಷಕ್ಕೊಮ್ಮೆ ಉದುರಿ ಮತ್ತೆ ಹುಟ್ಟತಕ್ಕದ್ದು; ಎರಳೆಯ ಕೊಂಬು ಹುಟ್ಟಿದರೆ ಸಾಯುವವರೆಗೆ ನಿಲ್ಲತಕ್ಕದ್ದು. ಕೊಂಡುಕುರಿಯು ಎರಳೆಯ ಪಂಗಡದ್ದು. ಆ ಪಂಗಡದಲ್ಲಿ ಆಫ್ರಿಕಕ್ಕೆ ಎಪ್ಪತ್ತರಷ್ಟು ಜಾತಿಗಳ ಐಶ್ವರ್ಯವಿದೆ. ನಮ್ಮ ಬಯಲು ನಾಡಿಗೆ ಇರುವುದು ನಾಲ್ಕೇ: ಕೃಷ್ಣಮೃಗ, ಚಿಂಕಾರ, ನೀಲಗಾಯಿ ಮತ್ತು ಇದು. ಆದರೆ ನಾಲ್ಕು ಕೊಂಬಿನ ಎರಳೆಯು ಅಷ್ಟು ದೊಡ್ಡ ಆಫ್ರಿಕದಲ್ಲಿ ಒಂದೂ ಇಲ್ಲ. ಭಾರತ ಮತ್ತು ನೇಪಾಳಗಳ ಹೊರಗೆ ಎಲ್ಲಿಯೂ ಕಾಡಿನಲ್ಲಿ ಇಲ್ಲ. ಗಂಡಿಗೆ ಮಾತ್ರ ಕೊಂಬು. ಕಿವಿಗಳ ನಡುವೆ ಮೂರು ನಾಲ್ಕು ಅಂಗುಲದ ಒಂದು ಜೊತೆ, ಹಣೆಯ ಮೇಲೆ ಅಂಗುಲದಷ್ಟರ ಇನ್ನೊಂದು ಜೊತೆ. ಎತ್ತರ ಎರಡು ಅಡಿ, ತೂಕ ನಲವತ್ತು ಪೌಂಡು. ಧಾರವಾಡದ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ಟನು ಅಲ್ಲಿಯ ಮೃಗಗಳ ಒಂದು ಪಟ್ಟಿಯನ್ನು 1839ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದಾಗ, ದಕ್ಷಿಣದ ಕೊಂಡುಕುರಿಗೆ ಅರೆನಾಲ್ಕು ಕೊಂಬಿನದು ಎಂಬರ್ಥದ ಲ್ಯಾಟಿನ್ ಹೆಸರನ್ನಿಟ್ಟನು. ಮುಂದಿನ ಕೊಂಬುಗಳು ಅನೇಕ ವೇಳೆ ಬರಿಯ ಗುಬುಟುಗಳಾಗಿರುವುದುಂಟು. ಇದರ ಹತ್ತಿರದ ಬಂಧುವೆಂದರೆ ಕುದುರೆಯಷ್ಟು ದೊಡ್ಡದಾದ ನೀಲಗಾಯಿ! ಒಂದು ಕಾಲಕ್ಕೆ ಬಹು ಶಾಖೆಗಳಿದ್ದ ಹಳೆಯ ಮನೆತನವೊಂದರಲ್ಲಿ ಬದುಕಿ ಉಳಿದವರು ಇವರಿಬ್ಬರೇ.

ಮೈಸೂರಿಗೆ ಅತಿಥಿಗಳಾಗಿ ಬಂದ ದೊರೆಗಳಿಗೆ ಕಾಕನಕೋಟೆಯ ಆನೆ ಖೆಡ್ಡವನ್ನು ತೋರಿಸುತ್ತಿದ್ದರು. ಕೊಂಡುಕುರಿಯನ್ನು ಯಾರಿಗೂ ತೋರಿಸಿದಂತೆ ಕಾಣೆ. ತೋರಿಸಲು ಅದು ನಿಲ್ಲುವುದೂ ಇಲ್ಲ. ಅಪಾಯ ಕಂಡರೆ ಹುಲ್ಲಿನಲ್ಲಿ ಅಲುಗದೆ ಕೂರುತ್ತದೆ, ಕೊನೆಯ ಗಳಿಗೆಯಲ್ಲಿ ಒಂದೇ ನೆಗೆತಕ್ಕೆ ಮಾಯವಾಗುತ್ತದೆ.

ಬಿಸಿಲು ಏರಿದ ಮೇಲೆ ನಾವು ತಗ್ಗಿನಲ್ಲಿದ್ದ ನೀರಿನ ತೊಟ್ಟಿಯ ಬಳಿಗೆ ಬಂದೆವು. ಬೇಸಗೆಗೆಂದು ಕಟ್ಟಿಸಿ ನೀರು ತುಂಬುವ ತೊಟ್ಟಿ. ಚಿಂಕಾರವು ನೀರಿಲ್ಲದೆ ಕೆಲವು ದಿನ ತಳ್ಳಬಲ್ಲುದು. ಕೊಂಡುಕುರಿಯಿಂದ ಅದು ಆಗದು, ಹೆಚ್ಚು ಕಡಮೆ ದಿನವೂ ಕುಡಿಯಬೇಕು. ಆದುದರಿಂದ ಬರಗಾಲದ ನಾಡಿನ ಈ ಮೃಗದ ಬಾಳೆಲ್ಲ ಒಂದು ತೊಟ್ಟಿಯ ಸುತ್ತ ಸುತ್ತುತ್ತದೆ. ಆ ತೊಟ್ಟಿಯ ಆಚೆಗೆ ಕೂಗಳತೆಯಲ್ಲಿ ಕಾಡಿನ ಗಡಿ. ಗಡಿಯಿಂದಾಚೆಗೆ ಮೆಕ್ಕೆಜೋಳದ ಹೊಲಗಳು, ಕಟಾವಾಗಿ ಬರಿಯ ಕೂಳೆ ನಿಂತಿತ್ತು. ಗಡಿಯ ಕಲ್ಲಿನ ಮೇಲೆ ಒಬ್ಬ ಮುದುಕನು ಬುತ್ತಿ ಬಿಚ್ಚಿಕೊಂಡು ಕುಳಿತಿದ್ದನು. ಸುತ್ತಲೂ ಅರವತ್ತು ಎಪ್ಪತ್ತು ಕುರಿ, ಕಾಲ ಬಳಿ ಕಂದು ಬಣ್ಣದ ನಾಯಿ. ನನ್ನನ್ನು ಕಂಡು ರೊಟ್ಟಿಯನ್ನು ಮುಂದೆ ಚಾಚಿ, "ಬರ್ರಿ ಸ್ವಾಮಿ, ಉಣ್ಣಾನ" ಎಂದನು. ಅವನ ಶೇಂಗಾ ಚಟ್ನಿಗೂ ನನ್ನ ಚಿತ್ರಾನ್ನಕ್ಕೂ ವಿನಿಮಯವಾಯಿತು.

"ಏನ್ ನೋಡಾಕ್ ಬಂದ್ರಿ?" ಎಂದು ಕೇಳಿದನು. ಹೇಳಿದೆ. ಅವನು ನಗಲಿಲ್ಲ.

"ನಾವು ಸಣ್ಣೋರಿದ್ದಾಗ ಬೇಕಾದಷ್ಟು ಇದ್ವು ಬಿಡ್ರಿ. ಹಿಡಕಂಡು ತಿಂದದ್ದೂ ಐತೆ; ಸುಳ್ಳ್ಯಾಕೆ ಹೇಳ್ಲಿ?" ಎಂದು ಕಾವಲಿನವನ ಕಡೆ ಒಮ್ಮೆ ನೋಡಿದನು. "ಈಗ ಅವಕ್ಕ ತೊಟ್ಟಿ ಕಟ್ಟ್ಯಾರ, ನೀರು ಹಾಕ್ತಾರ. ನನ್ನ ಕುರಿ ಒಂದು ಹೆಜ್ಜೆ ಒಳಗಿಟ್ರೆ ಬೈತಾರ. ಅದೂ ಕುರೀನೆ, ಇದೂ ಕುರೀನೆ. ಅದರ ಹೆಸರಿನಾಗ ಕಾಡು ಐತೆ, ನನ್ನ ಹೆಸರಿನಾಗ ಏನೈತಿ ಹೇಳ್ರಿ ಮೇಷ್ಟ್ರೆ?"

ಕಾಲೇಜಿನಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಕಾನೂನು ನನಗೆ ಸ್ವಲ್ಪ ಗೊತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕೊಂಡುಕುರಿಯನ್ನು ಮೊದಲನೆಯ ಅನುಸೂಚಿಯಲ್ಲಿ, ಹುಲಿ ಆನೆಗಳ ಸಾಲಿನಲ್ಲಿ ಕೂರಿಸಿದೆ. ರಾಷ್ಟ್ರೀಯ ಉದ್ಯಾನಗಳಲ್ಲಿ ದನಕುರಿಗಳನ್ನು ಮೇಯಿಸುವುದು ನಿಷಿದ್ಧ. ವನ್ಯಧಾಮಗಳಲ್ಲಿ ಅದನ್ನು ಬಿಡಬಹುದು, ಹತೋಟಿಯಲ್ಲಿಡಬಹುದು, ತಡೆಯಲೂ ಬಹುದು. ಆದರೆ ಮುದುಕನು ಕೇಳಿದುದು ಕಾನೂನನ್ನಲ್ಲ. ಮಿತ್ರರ ಮನೆಯ ಗೋಡೆಯ ಮೇಲೆ ನಾವು ಕಂಡ ಸೆರೆಂಗೆಟಿಯ ಚಿತ್ರಗಳಲ್ಲಿ ಎಲ್ಲಿಯೂ ಒಬ್ಬ ದನಗಾಹಿ ಇರಲಿಲ್ಲ. ಅದು ಆ ಬಯಲಿನ ಸ್ವಭಾವವಲ್ಲ. ತಲೆಮಾರುಗಳಿಂದ ಅಲ್ಲಿ ದನ ಮೇಯಿಸುತ್ತಿದ್ದ ಮಸಾಯಿ ಜನರನ್ನು 1959ರ ವೇಳೆಗೆ ಸೆರೆಂಗೆಟಿಯಿಂದ ತೆರವು ಮಾಡಿಸಿ ಪಕ್ಕದ ಗೊರೊಂಗೋರೊ ಸೀಮೆಗೆ ಕಳುಹಿಸಿದರು. ನೋಡಲು ಹೋಗುವವರಿಗೆ ಚಿತ್ರವು ಶುಭ್ರವಾಗಿ ಬರಬೇಕಾದರೆ ಯಾರಾದರೂ ಚಿತ್ರದಿಂದ ಹೊರಕ್ಕೆ ಸರಿಯಬೇಕಾಗುತ್ತದೆ.

ಇನ್ನೊಂದು ಮಗ್ಗುಲೂ ಉಂಟು. ಮುದುಕನ ಕುರಿಗಳಿಗಿಂತ ಅವನ ನಾಯಿಯೇ ಕೊಂಡುಕುರಿಗೆ ದೊಡ್ಡ ಶತ್ರು. ಮೇ ಜೂನ್ ಜುಲೈಗಳಲ್ಲಿ ಜೊತೆಗೂಡುವ ಈ ಮೃಗವು ಎಂಟು ತಿಂಗಳು ಹೊತ್ತು, ಚಳಿಗಾಲ ಕಳೆಯುವ ಹೊತ್ತಿಗೆ ಒಂದೋ ಎರಡೋ ಮರಿ ಹಾಕುತ್ತದೆ. ತಾಯಿ ಮರಿಯನ್ನು ಪೊದೆಯಲ್ಲಿ ಅಡಗಿಸಿಟ್ಟು ತಾನು ಮೇಯಲು ಹೋಗುತ್ತದೆ. ಮರಿ ಅಲುಗುವುದಿಲ್ಲ, ಚಿರತೆಯ ಕಣ್ಣಿಗೆ ಅದು ಮರೆಯಾಗಬಹುದು, ನಾಯಿಯ ಮೂಗಿಗೆ ಮರೆಯಾಗುವುದು ಹೇಗೆ? ಕಾವಲಿನವನು ಆ ದಿನ ಮುದುಕನಿಗೆ ಹೇಳಿದುದೂ ಇದನ್ನೇ: "ಅಜ್ಜ, ಕುರಿ ಮಾತು ಆಮೇಲೆ. ನಾಯಿ ಒಳಗ್ ಬಂದ್ರೆ ನಾನು ಸುಮ್ನಿರಲ್ಲ, ಮೊದಲೇ ಹೇಳೀನಿ." ಮುದುಕನು ಉತ್ತರ ಕೊಡದೆ ಬುತ್ತಿಯ ಬಟ್ಟೆಯನ್ನು ಕೊಡವಿಕೊಂಡು ಎದ್ದುಹೋದನು.

ಮಧ್ಯಾಹ್ನವೆಲ್ಲ ಒಂದು ಕಮರದ ಮರದ ಚುಕ್ಕಿ ನೆರಳಿನಲ್ಲಿ ಕಳೆಯಿತು. ಏನೂ ಬರಲಿಲ್ಲ. ಕಾವಲಿನವನಿಗೆ ಈ ಕಾಡಿಗಿಂತ ಚನ್ನಗಿರಿಯ ಕಡೆಯ ಕಾಡಿನ ಚಿಂತೆ ಹೆಚ್ಚಾಗಿತ್ತು. ಅವನ ಅಕ್ಕನನ್ನು ಅಲ್ಲಿಯ ಹಳ್ಳಿಯೊಂದಕ್ಕೆ ಕೊಟ್ಟಿದೆ. ಭದ್ರಾ ಅಭಯಾರಣ್ಯದ ಕಡೆಯಿಂದ ಆನೆಗಳು ಉಬ್ರಾಣಿಯ ಕಾಡಿಗೂ ಅಡಕೆ ತೋಟಗಳಿಗೂ ಬರುವುದುಂಟು. 2023ರ ಏಪ್ರಿಲಿನಲ್ಲಿ ಚನ್ನಗಿರಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಒಂಟಿ ಆನೆಯು ಒಬ್ಬ ಹುಡುಗಿಯನ್ನು ಕೊಂದಿತು. ಅದನ್ನು ಹಿಡಿಯಲು ನ್ಯಾಮತಿಯ ಕಡೆಗೆ ಬೆನ್ನಟ್ಟಿ ಹೋದಾಗ ಪಶುವೈದ್ಯರೊಬ್ಬರು ಅದರ ಕಾಲಿಗೆ ಸಿಕ್ಕಿ ಬಹಳ ಗಾಯಗೊಂಡರು. ಆನೆಯನ್ನು ಮೋಟಾರಿನಲ್ಲಿ ಕುಳಿತು ನೋಡುವವರಿಗೂ, ಬೆಳಿಗ್ಗೆ ಸೌದೆಗೋ ತೋಟಕ್ಕೋ ಹೊರಟಾಗ ನೋಡುವವರಿಗೂ ಆನೆ ಒಂದೇ ಅಲ್ಲ. ಹೊನ್ನಾಳಿಯ ಹೊಳೆಯಾಚೆಗೆ, ರಾಣಿಬೆನ್ನೂರಿನಲ್ಲಿ 1974ರಿಂದ ಕೃಷ್ಣಮೃಗದ ಧಾಮವಿದೆ. ಅಲ್ಲಿ ಬೆಳೆಯನ್ನು ಕಳೆದುಕೊಳ್ಳುವ ರೈತನು ಕೃಷ್ಣಮೃಗವನ್ನು ಕಾವ್ಯದಲ್ಲಿ ಬರುವ ಹಾಗೆ ವರ್ಣಿಸುವುದಿಲ್ಲ. ಕೊಂಡುಕುರಿಯ ಮೇಲೆ ಮಾತ್ರ ಯಾರದೂ ದೂರಿಲ್ಲ. ಉದುರಿದ ಹಣ್ಣು, ಹೂ, ಚಿಗುರು ಇವುಗಳಿಂದ ಅದರ ಹೊಟ್ಟೆ ತುಂಬುತ್ತದೆ. ಮನುಷ್ಯನ ಬಳಿ ಸುಳಿಯುವುದೇ ಇಲ್ಲ. ಯಾರಿಗೂ ಕಾಟ ಕೊಡದುದರಿಂದಲೇ ಅದು ಇದೆಯೆಂಬುದು ಬಹಳ ಮಂದಿಗೆ ತಿಳಿಯದು, ಇಲ್ಲದೆ ಹೋದರೂ ತಿಳಿಯಲಾರದು.

ಐದು ಗಂಟೆಗೆ ನಾವು ತೊಟ್ಟಿಗೆ ಅರುವತ್ತು ಗಜ ದೂರದಲ್ಲಿ, ಗಾಳಿಯ ಇದಿರುಮುಖವಾಗಿ ಒಂದು ಬಂಡೆಯ ಹಿಂದೆ ಕುಳಿತೆವು. ಮೊದಲು ಗೌಜುಗಗಳು ಬಂದು ಕುಡಿದುವು. ಆಮೇಲೆ ನವಿಲು. ಆಮೇಲೆ ಬಹಳ ಹೊತ್ತು ಯಾರೂ ಇಲ್ಲ. ನನ್ನ ಕಾಲು ಜೋಮು ಹಿಡಿಯಿತು. ಕಾವಲಿನವನು ನನ್ನ ಮೊಣಕೈಯನ್ನು ಮೆಲ್ಲಗೆ ಒತ್ತಿದನು. ಅವನು ನೋಡುತ್ತಿದ್ದ ಕಡೆಗೆ ನಾನೂ ನೋಡಿದೆ. ತಂಗಡಿಯ ಗಿಡಗಳು, ಒಣ ಹುಲ್ಲು, ಇನ್ನೇನೂ ಇಲ್ಲ. ಆ ಹುಲ್ಲಿನ ಒಂದು ತುಣುಕಿಗೆ ಕಿವಿಗಳಿದ್ದುವು.

ಅದು ಹೊರಕ್ಕೆ ಬಂತು. ನಡಗೆಯೇ ವಿಚಿತ್ರ: ಒಂದೊಂದು ಕಾಲನ್ನೂ ಎತ್ತಿ, ತಡೆದು, ಇಡುವುದು, ಬಿಸಿ ನೆಲದ ಮೇಲೆ ನಡೆಯುವವರ ಹಾಗೆ. ಮುಂಗಾಲಿನ ಮುಂಭಾಗದಲ್ಲಿ ಒಂದು ಕಪ್ಪು ಗೀರು. ದುರ್ಬೀನನ್ನು ಕಣ್ಣಿಗಿಟ್ಟೆ. ತಲೆಯ ಮೇಲೆ ಕೊಂಬಿಲ್ಲ. ನಾಲ್ಕೂ ಇಲ್ಲ, ಎರಡೂ ಇಲ್ಲ. ಹೆಣ್ಣು! ನಾಲ್ಕು ಕೊಂಬುಗಳನ್ನು ನೋಡಲು ಅಷ್ಟು ದೂರ ಬಂದವನಿಗೆ ದೊರೆತದ್ದು ಇದು. ಆದರೆ ಆ ಕ್ಷಣದಲ್ಲಿ ಕೊಂಬಿನ ನೆನಪೇ ನನಗೆ ಬರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. "ಕೆಚ್ಚಲು ನೋಡ್ರಿ" ಎಂದು ಕಾವಲಿನವನು ಉಸಿರಿನಲ್ಲಿ ಹೇಳಿದನು. "ಮರಿ ಹಾಕೈತೆ. ಇಲ್ಲೇ ಎಲ್ಲೋ ಐತೆ."

ಅದು ತೊಟ್ಟಿಗೆ ಇನ್ನೂ ಹತ್ತು ಹೆಜ್ಜೆ ದೂರವಿರುವಾಗ ಗಡಿಯ ಕಡೆಯಿಂದ ಕುರಿಗಳ ಸದ್ದು ಕೇಳಿಸಿತು. ಅದರ ಹಿಂದೆಯೇ ನಾಯಿಯ ಬೊಗಳು. ಮುದುಕನು ಹಿಂಡನ್ನು ಊರಿಗೆ ಹೊಡೆದುಕೊಂಡು ಹೋಗುತ್ತಿದ್ದನು. ಮೃಗವು ಮುಂಗಾಲನ್ನು ಎತ್ತಿದ ಹಾಗೆಯೇ ನಿಂತುಬಿಟ್ಟಿತು. ನಾಯಿ ಗಡಿಯ ಕಲ್ಲನ್ನು ದಾಟಿ ನಾಲ್ಕಾರು ಮಾರು ಒಳಕ್ಕೆ ಬಂತು. ಕಾವಲಿನವನು ಅರ್ಧ ಎದ್ದನು; ಎದ್ದರೆ ಮೃಗವು ನಮ್ಮನ್ನು ಕಂಡು ಓಡುವುದು, ಓಡಿದರೆ ನಾಯಿ ಬೆನ್ನು ಹತ್ತುವುದು. ಏನು ಮಾಡಬೇಕೋ ತೋರದೆ ಮತ್ತೆ ಕುಳಿತನು.

ಆಗ ಒಂದು ಸಿಳ್ಳು ಕೇಳಿಸಿತು. ನಾಯಿ ನಿಂತಿತು. ಎರಡನೆಯ ಸಿಳ್ಳಿಗೆ ಬಾಲ ತಗ್ಗಿಸಿ ಹಿಂತಿರುಗಿತು. ಮುದುಕನು ಬಗ್ಗಿ, ಹೆಗಲ ಕಂಬಳಿಯ ಹುರಿಯನ್ನು ಬಿಚ್ಚಿ ಅದರ ಕೊರಳಿಗೆ ಕಟ್ಟುತ್ತಿದ್ದುದು ದುರ್ಬೀನಿನಲ್ಲಿ ಕಾಣಿಸಿತು. ಅವನು ನಮ್ಮನ್ನು ಕಂಡಿದ್ದನೋ ಇಲ್ಲವೋ, ಕಾವಲಿನವನ ಮಾತಿಗೆ ಅಂಜಿದನೋ, ಮೃಗವನ್ನೇ ಕಂಡು ತಡೆದನೋ ನಾನರಿಯೆ. ಅವನು ಆ ಕಡೆ ತಿರುಗಿಯೂ ನೋಡದೆ ಕುರಿಗಳ ಹಿಂದೆ ಇಳಿದುಹೋದನು. ಧೂಳು ಮಾತ್ರ ಸ್ವಲ್ಪ ಹೊತ್ತು ನಿಂತಿತ್ತು.

ಮೃಗವು ಎತ್ತಿದ ಕಾಲನ್ನು ಕೆಳಕ್ಕಿಟ್ಟಿತು. ತೊಟ್ಟಿಯ ಬಳಿ ಬಂದು ಕುಡಿಯಿತು. ಮೂರು ಸಲ ತಲೆಯೆತ್ತಿ ನೋಡಿ ಮೂರು ಸಲ ಕುಡಿಯಿತು. ಆಮೇಲೆ ಬಂದ ದಾರಿಯಲ್ಲಿ ಹೋಗಲಿಲ್ಲ; ಗುಡ್ಡದ ಮಗ್ಗುಲಿನ ಕಾರೆಯ ಪೊದೆಗಳ ಕಡೆಗೆ ಹೋಯಿತು. ನಾನು ಹಿಂಬಾಲಿಸಲು ಏಳಹೊರಟಾಗ ಕಾವಲಿನವನು ನನ್ನ ಅಂಗಿಯ ತೋಳನ್ನು ಹಿಡಿದನು. "ಬ್ಯಾಡ ಸಾರ್. ಮರಿ ಹತ್ರ ಹೋಗ್ತೈತೆ. ನಾವು ಈ ಕಡೆಯಿಂದ ಇಳಿಯಾಣ." ಸುತ್ತು ದಾರಿಯಲ್ಲಿ ಒಂದೂವರೆ ಮೈಲಿ ಹೆಚ್ಚಾಗಿ ನಡೆದು, ಕತ್ತಲಾದ ಮೇಲೆ ಮೋಟಾರನ್ನು ಸೇರಿದೆವು.

ಹೊರಡುವ ಮುಂಚೆ ಅವನು ಬ್ಯಾಟರಿಯ ಬೆಳಕಿನಲ್ಲಿ ಜೇಬಿನ ಪುಸ್ತಕವನ್ನು ತೆರೆದು ಆ ದಿನದ ಬರವಣಿಗೆಯನ್ನು ಮಾಡಿದನು. ಭುಜದ ಮೇಲಿಂದ ಬಗ್ಗಿ ನೋಡಿದೆ. ಕರಡಿ ಲದ್ದಿ, 1. ಚಿರತೆ ಹೆಜ್ಜೆ, 1. ಕೊಂಡುಕುರಿ, ಹೆಣ್ಣು, 1, ಸಂಜೆ 5-50. ಅದರ ಕೆಳಗಿನ ಸಾಲಿನಲ್ಲಿ 'ಮರಿ' ಎಂದು ಬರೆದು, ಸ್ವಲ್ಪ ಯೋಚಿಸಿ, ಅಂಕಿಯನ್ನು ಹಾಕದೆ ಜಾಗ ಬಿಟ್ಟನು.